ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ ಪ್ರಶ್ನೆ

ಕಂಪನಿಗಳು ಹೇಗೆ ಬೆಳೆಯುತ್ತವೆ, ಯಾಕೆ ಒಡೆಯುತ್ತವೆ ಎಂದು ಕಂಡಕಂಡವರನ್ನು ಕೇಳಿಕೊಂಡು ತಿರುಗುವುದಕ್ಕೇ ಸಂಬಳ ತೆಗೆದುಕೊಂಡವನು ನಾನು. ಈಗ ಈ ಕೆಲಸಕ್ಕೆ ಒಳ್ಳೆಯ ಮರ್ಯಾದೆಯಿದೆ. ಮ್ಯಾನೇಜ್‌ಮೆಂಟ್ ಓದಿದ ಹುಡುಗ ಹುಡುಗಿಯರು ಇಸ್ತ್ರಿ ಕೆಡದ ಬಟ್ಟೆ ಹಾಕಿಕೊಂಡು ಬಂದು, ‘ಸರ್, ನಿಮ್ಮ ಕಾಲದಲ್ಲಿ ಫೀಲ್ಡ್‌ವರ್ಕ್ ಹೇಗಿತ್ತು?’ ಎಂದು ಕೇಳುತ್ತಾರೆ. ಹೇಗಿತ್ತು ಅಂದರೆ ಏನು ಹೇಳಲಿ? ಬಸ್ಸಿನ ಧೂಳು ಕುಡಿದದ್ದು, ಹೊಸಿಲಾಚೆಯೇ ನಿಲ್ಲಿಸಿಕೊಂಡದ್ದು ಎಲ್ಲ ಹೇಳಬಹುದು. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು ಅನ್ನುವುದನ್ನು ಬಿಡಿ, ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ. ಹೇಳಲೇಬೇಕಾದದ್ದು ಒಂದಿದೆ, ಅರಸೀಕೆರೆಯ ಮೂವರು ಅಣ್ಣತಮ್ಮಂದಿರ ಸಂಗತಿ. ಮೂವರೂ ಈಗಿಲ್ಲ. ಹೆಸರುಗಳನ್ನು ಬದಲಿಸಿದ್ದೇನೆ. ಅವರಲ್ಲಿ ಒಬ್ಬರು ಬದುಕಿದ್ದರೂ ಇದನ್ನು ಬರೆಯುತ್ತಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನಲ್ಲಿ ವ್ಯಾಪಾರ ನಿರ್ವಹಣೆಯನ್ನು ಪಾಠ ಮಾಡುವ ಸಂಸ್ಥೆಯೊಂದು ಹೊಸದಾಗಿ ಶುರುವಾಗಿತ್ತು. ನಾನು ಬಿ.ಕಾಂ. ಮುಗಿಸಿ, ಆರಾರು ತಿಂಗಳಿಗೆ ಮುಂದುವರಿಸುವ ಹಂಗಾಮಿ ಕೆಲಸಕ್ಕೆ ಅಲ್ಲಿ ಸೇರಿದೆ. ಊರು ಅರಸೀಕೆರೆ ಹತ್ತಿರದ ಹಾರನಹಳ್ಳಿ ಎಂದು ಅರ್ಜಿಯಲ್ಲಿ ಬರೆದಿದ್ದೆನಲ್ಲ, ಅರಸೀಕೆರೆ, ಹಳೇಬೀಡು, ಬೇಲೂರು ಮೂರನ್ನೂ ನನ್ನ ತಲೆಗೇ ಕಟ್ಟಿದರು. ಅಲ್ಲಿಯ ಸಣ್ಣ ಕಂಪನಿಗಳು ಹೇಗೆ ಬೆಳೆದಿವೆ, ನಡೆಸುವವರು ಹೇಗೆ ಯೋಚನೆ ಮಾಡುತ್ತಾರೆ ಎಂದು ತಿಳಿದುಕೊಂಡು ಬರುವುದು ನನ್ನ ಕೆಲಸ.

ಹೋದಲ್ಲೆಲ್ಲ ನನ್ನನ್ನು ಸೇಲ್ಸ್ ಟ್ಯಾಕ್ಸಿನವನು ಅಂದುಕೊಳ್ಳುತ್ತಿದ್ದರು. ಹಗರೆಯ ಅಕ್ಕಿ ಮಿಲ್ಲಿನ ಮಾಲೀಕರು ನನ್ನನ್ನು ಹೊರಗೆ ಹುಣಸೆಮರದ ಕೆಳಗೆ ಕೂರಿಸಿ, ‘ಮಿಲ್ಲು ನಿಂತು ಆರು ತಿಂಗಳಾಯ್ತು ಸ್ವಾಮಿ, ನಂದೇನೂ ಇಲ್ಲ’ ಅಂದರು. ಒಳಗೆ ಮಿಲ್ಲು ದಡಬಡ ಸದ್ದು ಮಾಡುತ್ತಲೇ ಇತ್ತು. ನಾನು ಆ ಕಡೆ ನೋಡಿದೆ. ‘ಅದು ಪಕ್ಕದೋರ್ದು’ ಅಂದರು. ಪಕ್ಕದಲ್ಲಿ ಗದ್ದೆ ಬಿಟ್ಟರೆ ಏನೂ ಇರಲಿಲ್ಲ. ಹಳೇಬೀಡಿನಲ್ಲಿ ಬಳಪದ ಕಲ್ಲಿನ ಗೊಂಬೆ ಕೆತ್ತುವವರೊಬ್ಬರು ನಾನು ಕೇಳಿದ ಪ್ರತಿ ಪ್ರಶ್ನೆಗೂ ಉಳಿ ನಿಲ್ಲಿಸದೆ, ‘ನಿಮ್ಗೆ ಹೆಂಗ್ ಬೇಕೋ ಹಂಗ್ ಬರ್ಕಳಿ’ ಎಂದು ಒಂದೇ ಉತ್ತರ ಕೊಟ್ಟರು. ಕೊನೆಗೆ ಮಾನ ಉಳಿಸಿಕೊಳ್ಳಲು ಅವರ ಹತ್ತಿರ ಒಂದು ಪುಟ್ಟ ಗಣಪತಿ ಕೊಂಡೆ. ಅದರ ಸೊಂಡಿಲು ಬಸ್ಸಿನಲ್ಲೇ ಮುರಿಯಿತು.

ನಮ್ಮ ಮೇಲಿದ್ದವರು ಪ್ರೊಫೆಸರ್ ಅನಂತರಾಮಯ್ಯ. ಅಮೆರಿಕಾದಲ್ಲಿ ಓದಿ ಬಂದಿದ್ದರು. ಕೆಟ್ಟವರಲ್ಲ. ಅವರ ಕೋಣೆಗೆ ಹೋದರೆ ಕೂತುಕೋ ಅನ್ನುತ್ತಿದ್ದರು, ಆ ಕಾಲಕ್ಕೆ ಅದೇ ದೊಡ್ಡದು. ಆದರೆ ಪದ್ಧತಿಯ ವಿಷಯ ಬಂದರೆ ಮಡಿಯುಟ್ಟವರ ಹಾಗೆ, ಹತ್ತಿರ ಸುಳಿಯುವಂತಿರಲಿಲ್ಲ. ಮೊದಮೊದಲು ನಾವು ಅಂಗಡಿಯ ಜಗುಲಿಯಲ್ಲಿ ಕೂತು, ನಾಲ್ಕು ಜನ ಆಡುವ ಮಾತು ಕೇಳಿಸಿಕೊಂಡು, ಲಾಡ್ಜಿಗೆ ಬಂದು ಬರೆದಿಡುತ್ತಿದ್ದೆವು. ಅವರು ಅದನ್ನು ಹರಟೆ ಎಂದು ಕರೆದು ನಿಲ್ಲಿಸಿದರು. ಇನ್ನು ಮೇಲೆ ಕಂಪನಿ ನಡೆಸುವ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ, ಬಾಗಿಲು ಹಾಕಿಕೊಂಡು, ಅವವೇ ಪ್ರಶ್ನೆಗಳನ್ನು ಕೇಳಬೇಕು. ಕೇಳುವ ಮೊದಲು, ಈ ಮಾತು ಈ ಕೋಣೆ ದಾಟುವುದಿಲ್ಲ ಎಂದು ಭಾಷೆ ಕೊಡಬೇಕು. ಒಬ್ಬರ ಉತ್ತರದ ಬಣ್ಣ ಇನ್ನೊಬ್ಬರ ಉತ್ತರಕ್ಕೆ ಹತ್ತಬಾರದು, ಆದ್ದರಿಂದ ತಮ್ಮತಮ್ಮಲ್ಲೂ ಮಾತಾಡಿಕೊಳ್ಳಬೇಡಿ ಎಂದು ಹೇಳಿ ಬರಬೇಕು. ಓದುವುದಕ್ಕೆ ಚೆನ್ನಾಗಿಯೇ ಇತ್ತು.

ಅರಸೀಕೆರೆಯಲ್ಲಿ ಆ ಕಾಲದಲ್ಲಿ ಬೆಳೆಯುತ್ತಿದ್ದ ಕಂಪನಿ ಯಾವುದು ಎಂದು ಯಾರನ್ನು ಕೇಳಿದರೂ ‘ಬ್ರದರ್ಸು’ ಅನ್ನುತ್ತಿದ್ದರು. ಅಪ್ಪ ಬಿಟ್ಟುಹೋದದ್ದು ಒಂದು ಕೊಬ್ಬರಿ ಮಂಡಿ ಮಾತ್ರ. ಮೂವರು ಮಕ್ಕಳು ಸೇರಿ ಅದಕ್ಕೆ ಎಣ್ಣೆ ಮಿಲ್ಲು ಸೇರಿಸಿದರು, ಆಮೇಲೆ ಅರಸೀಕೆರೆಯಿಂದ ಹಳೇಬೀಡಿನ ಮೇಲೆ ಬೇಲೂರಿಗೆ ಬಸ್ಸು ಬಿಟ್ಟರು. ದೊಡ್ಡವರು ಗುರುಬಸಪ್ಪ, ಮಂಡಿ ನೋಡಿಕೊಳ್ಳುತ್ತಿದ್ದರು. ನಡುವಿನವರು ಪಂಚಾಕ್ಷರಪ್ಪ, ಬೇಲೂರಿನಲ್ಲಿದ್ದು ಬಸ್ಸಿನ ವ್ಯವಹಾರ ನೋಡುತ್ತಿದ್ದರು. ಚಿಕ್ಕವರು ಮಹದೇವಪ್ಪ, ಬಿ.ಎಸ್‌ಸಿ. ಓದಿದ್ದರು, ಮಿಲ್ಲು ಅವರದು.

ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸೋಮವಾರ ಪಂಚಾಕ್ಷರಪ್ಪ ಮೊದಲ ಬಸ್ಸಿಗೆ ಬೇಲೂರಿನಿಂದ ಬರುವರು. ಮೂವರೂ ಲಿಂಗಪೂಜೆ ಮುಗಿಸಿ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುವರು. ಕಂಪನಿಯ ಮಾತೆಲ್ಲ ಆಗಲೇ. ತಮ್ಮಂದಿರು ಹೇಳುತ್ತಾ ಹೋಗುವರು, ಗುರುಬಸಪ್ಪನವರು ಊಟ ಮಾಡುತ್ತಾ ಕೇಳುವರು, ಕೈ ತೊಳೆಯುವಾಗ ‘ಆಗ್ಲಿ’ ಅಥವಾ ‘ಇನ್ನೊಂದಷ್ಟು ದಿನ ಹೋಗ್ಲಿ’ ಎಂದು ಒಂದೇ ಮಾತು ಹೇಳುವರು. ಅಷ್ಟೇ ಅವರ ಬೋರ್ಡ್ ಮೀಟಿಂಗು. ಮೂವರಲ್ಲಿ ಒಬ್ಬ ಇಲ್ಲದಿದ್ದರೂ ಉಳಿದಿಬ್ಬರು ಕಂಪನಿಯ ಮಾತು ಎತ್ತಕೂಡದು ಎಂದು ಅಪ್ಪ ಸಾಯುವಾಗ ಕೈ ಹಿಡಿದು ಹೇಳಿದ್ದರಂತೆ. ಮಿಲ್ಲಿನ ಬೆಲ್ಟು ಹರಿದರೂ ಮಹದೇವಪ್ಪ ಸೋಮವಾರದವರೆಗೆ ಕಾಯುತ್ತಿದ್ದರು ಎಂದು ಮಂಡಿಯವರು ನಗುತ್ತಿದ್ದರು.

ನಾನು ಹೋಗಿ ನಮ್ಮ ಪದ್ಧತಿ ವಿವರಿಸಿದಾಗ ಗುರುಬಸಪ್ಪನವರು ವಿಭೂತಿಯ ಹಣೆಯನ್ನು ಉಜ್ಜಿಕೊಂಡರು.

‘ಒಬ್ಬೊಬ್ರನ್ನೇ ಯಾಕ್ರೀ ರಾಯರೇ? ಸೋಮವಾರ ಬನ್ನಿ, ಮೂರು ಜನಾನೂ ಇರ್ತೀವಿ. ಒಟ್ಟಿಗೇ ಕೇಳ್ಬಿಡಿ.’

‘ಒಟ್ಟಿಗಿದ್ದರೆ ನಿಮ್ಮೆದುರು ತಮ್ಮಂದಿರು ಮನಸ್ಸು ಬಿಚ್ಚಿ ಮಾತಾಡೊಲ್ಲ ಅಂತ ನಮ್ಮ ಪ್ರೊಫೆಸರು...’

‘ನನ್ನೆದ್ರಿಗೆ ಹೇಳ್ದೆ ಇರೋ ಅಂಥಾದ್ದು ಅವರ ಮನಸ್ಸಿನಾಗೆ ಏನೈತೆ?’ ಅಂದರು. ನಕ್ಕೇ ಅಂದರು. ನಾನೂ ಪೆದ್ದನ ಹಾಗೆ ನಕ್ಕೆ.

ಅಷ್ಟರಲ್ಲಿ ಮಹದೇವಪ್ಪ ಬಂದರು. ಅವರಿಗೆ ಹಿಗ್ಗು. ‘ಒಪ್ಕೊಳಣ್ಣ. ಅಮೆರಿಕಾದಾಗೆ ಹಿಂಗೇ ಮಾಡ್ತಾರಂತೆ. ನಮ್ಮ ಕಂಪನಿ ಪುಸ್ತಕದಾಗೆ ಬತ್ತದೆ ಕಣಣ್ಣ!’ ತಮ್ಮನ ಮುಖ ನೋಡಿ ಅಣ್ಣ ಒಪ್ಪಿದರು. ಓದಿದ ತಮ್ಮನೆಂದರೆ ಅವರಿಗೆ ಪ್ರಾಣ.

ಮಾತುಕತೆಗೆ ಮಂಡಿಯ ಹಿಂದಿನ ಕೋಣೆ ಗೊತ್ತಾಯಿತು. ಅದರ ಬಾಗಿಲನ್ನು ಹಗಲು ಹೊತ್ತು ಯಾರೂ ಹಾಕಿದ್ದೇ ಇಲ್ಲ. ಕೊಬ್ಬರಿ ಮೂಟೆಗಳು ಬಾಗಿಲಿಗೆ ಒರಗಿಕೊಂಡೇ ಇರುತ್ತಿದ್ದವು. ಆಳುಗಳು ಮೂಟೆ ಜರುಗಿಸಿ, ತುಕ್ಕು ಹಿಡಿದ ಕೀಲಿಗೆ ಎಣ್ಣೆ ಬಿಟ್ಟು ಬಾಗಿಲು ಎಳೆದರು. ಅದು ಕಿರುಗುಟ್ಟಿದ ಸದ್ದಿಗೆ ಮಂಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಪ್ರಶ್ನೆಗಳಲ್ಲಿ ಕೊನೆಯದು ಇದು: ಈಗಿನ ಯಜಮಾನರ ನಂತರ ಈ ಕಂಪನಿ ನಡೆಸಲು ಯಾರು ತಕ್ಕವರು?

ಮೊದಲು ಗುರುಬಸಪ್ಪನವರು. ಅವರು ತಡಮಾಡಲಿಲ್ಲ. ‘ಪಂಚಾಕ್ಷರಿ. ನಂಗೆ ಸಿಟ್ಟು ಮೂಗಿನ ತುದೀಲೈತೆ. ಅವನು ಹಂಗಲ್ಲ. ಡ್ರೈವರು ಬಸ್ಸನ್ನ ಗದ್ದೆಗೆ ಇಳಿಸಿದ್ರೂ ಮೊದಲು ‘ಪೆಟ್ಟಾಯ್ತೇನಪ್ಪ’ ಅಂತಾನೆ. ಅಂಥೋನು ಬೇಕು ಯಜಮಾನಿಕೆಗೆ.’ ಏಳುವಾಗ ತಿರುಗಿ ನೋಡಿ, ‘ಇದನ್ನ ಅವನ ಕಿವೀಗೆ ಮಾತ್ರ ಹಾಕ್ಬೇಡಿ ಮತ್ತೆ, ತಲೆ ಮೇಲೆ ಹತ್ತಿ ಕೂತಾನು’ ಎಂದು ನಕ್ಕರು.

ಪಂಚಾಕ್ಷರಪ್ಪನವರ ಸರದಿ ಬಹಳ ಹೊತ್ತು ಹಿಡಿಯಿತು. ಬಸ್ಸಿನ ವಿಷಯ ತೆಗೆದರೆ ಅವರಿಗೆ ನಿಲ್ಲಿಸುವುದು ತಿಳಿಯದು. ಬಸ್ಸನ್ನು ಬೇಲೂರಿನಿಂದಾಚೆ ಅರೇಹಳ್ಳಿಗೂ ಬಿಟ್ಟರೆ ಕಾಫಿ ತೋಟದ ಜನ ಹೇಗೆ ಹತ್ತುತ್ತಾರೆ ಎಂದು ಗಾಳಿಯಲ್ಲೇ ದಾರಿ ಬರೆದು ತೋರಿಸಿದರು. ಕೊನೆಯ ಪ್ರಶ್ನೆಗೆ ಮಾತ್ರ ಅವರ ಉತ್ತರ ಚಿಕ್ಕದು. ‘ಮಹದೇವನೇ ಸರಿ. ಓದಿದಾನೆ. ನಂಗೆ ಬಸ್ಸು ಬಿಟ್ರೆ ಇನ್ನೇನು ಗೊತ್ತೈತೆ ಹೇಳಿ?’

ಮಹದೇವಪ್ಪನವರಿಗೆ ಆ ಪ್ರಶ್ನೆ ಹಿಡಿಸಲಿಲ್ಲ. ‘ಅಣ್ಣ ಗಟ್ಟಿಮುಟ್ಟಾಗಿರೋವಾಗ ಅಂಥಾ ಮಾತು ಯಾಕೆ ಸಾರ್?’ ಅಂದರು. ನಾನು ಬಿಡಲಿಲ್ಲ, ಪ್ರಶ್ನೆ ಖಾಲಿ ಬಿಡುವಂತಿರಲಿಲ್ಲ. ಅವರ ಕಣ್ಣು ತುಂಬಿತು. ‘ಪಂಚಾಕ್ಷರಣ್ಣ ಇದಾನಲ್ಲ. ಅವನ ಬೆನ್ನಿಗೆ ನಾನಿರ್ತೀನಿ’ ಅಂದರು.

ಹೀಗೆ ತಮ್ಮಂದಿರಲ್ಲಿ ಒಬ್ಬನೂ ತನ್ನ ಹೆಸರು ಹೇಳಿಕೊಳ್ಳಲಿಲ್ಲ, ಅಣ್ಣನೂ ತನಗಿಂತ ತಮ್ಮನೇ ಮೇಲೆಂದರು. ಇಂಥ ಮನೆಯನ್ನು ನಾನು ಆ ಮೇಲೆ ನೋಡಿಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಬ್ಬನೇ ಸಂತೋಷಪಡುತ್ತಾ ಬಾಗಿಲು ತೆರೆದೆ.

ಮಹದೇವಪ್ಪನವರು ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದದ್ದನ್ನು ಅಣ್ಣ ನೋಡಿದರು.

‘ಏನ್ಲಾ? ಏನ್ ಕೇಳಿದ್ರು?’

‘ಏನೂ ಇಲ್ಲ ಕಣಣ್ಣ.’

ನಾನೇ ಹೇಳಿದ್ದೆನಲ್ಲ, ತಮ್ಮತಮ್ಮಲ್ಲಿ ಮಾತಾಡಿಕೊಳ್ಳಬೇಡಿ ಎಂದು. ಹುಡುಗನಾಗಿದ್ದಾಗಿನಿಂದಲೂ ಅಣ್ಣನಿಗೆ ಏನನ್ನೂ ಮುಚ್ಚಿಡದಿದ್ದವರು ನನ್ನ ಮಾತಿಗೆ ಕಟ್ಟುಬಿದ್ದು ಬಾಯಿಗೆ ಬೀಗ ಹಾಕಿಕೊಂಡರು. ಗುರುಬಸಪ್ಪನವರು ತಮ್ಮನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

ಅದಾದ ಮೇಲೆ ಕೆಲವು ವಾರ ನಾನು ಬೇಲೂರು ಕಡೆ ಬೇರೆ ಕಂಪನಿಗಳ ಕೆಲಸದಲ್ಲಿದ್ದೆ. ಬೆಂಗಳೂರಿಗೆ ಹೊರಟ ಬೆಳಿಗ್ಗೆ ಅರಸೀಕೆರೆ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಗಾಡಿಗೆ ಕಾಯುತ್ತಿದ್ದಾಗ ಗುರುಬಸಪ್ಪನವರೇ ಹುಡುಕಿಕೊಂಡು ಬಂದರು. ಸ್ವಲ್ಪ ಇಳಿದುಹೋಗಿದ್ದರು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಹೆಗಲ ಮೇಲಿನ ವಲ್ಲಿಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

‘ಸೋಮವಾರದ ಊಟಕ್ಕೆ ಕೂತ್ರೆ ಯಾರೂ ಮಾತಾಡಾಕಿಲ್ಲ ರಾಯರೇ. ಅನ್ನ ಕಲೆಸ್ತಾರೆ, ಎದ್ದು ಹೋಯ್ತಾರೆ. ನನ್ನ ಮ್ಯಾಲೆ ಅವರಿಗೆ ಏನೋ ಐತೆ. ಏನ್ ಹೇಳಿದ್ರು ಅಂತ ಕೇಳಾಕಿಲ್ಲ ನಾನು. ಒಳ್ಳೇದು ಹೇಳಿದ್ರೋ ಕೆಟ್ಟದ್ದು ಹೇಳಿದ್ರೋ, ಅಷ್ಟು ಅನ್ನಿ ಸಾಕು.’

‘ಕೆಟ್ಟದ್ದೇನೂ ಇಲ್ಲ ಯಜಮಾನರೇ, ನೆಮ್ಮದಿಯಾಗಿರಿ. ಅದಕ್ಕಿಂತ ಹೆಚ್ಚು ನಾನು ಹೇಳುವ ಹಾಗಿಲ್ಲ’ ಅಂದೆ.

ಅವರು ನನ್ನನ್ನೇ ನೋಡಿದರು. ‘ಒಳ್ಳೇದಾಗಿದ್ರೆ ಮುಚ್ಚಿಡೋದು ಯಾಕ್ರೀ?’

ಗಾಡಿ ಬಂತು. ನನ್ನ ಚೀಲವನ್ನು ಅವರೇ ಎತ್ತಿ ಒಳಗೆ ಕೊಟ್ಟರು.

ಬೆಂಗಳೂರಿಗೆ ಹೋದವನೇ ಪ್ರೊಫೆಸರ ಕೋಣೆಗೆ ನುಗ್ಗಿದೆ. ಮೂವರನ್ನೂ ಒಟ್ಟಿಗೆ ಕೂರಿಸಿ ಇದ್ದದ್ದನ್ನು ಹೇಳಿಬಿಡುತ್ತೇನೆ, ಅಪ್ಪಣೆ ಕೊಡಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ನೋಡಪ್ಪಾ, ಇವತ್ತು ಒಳ್ಳೆಯದು ಅಂತ ಹೇಳಿಬಿಡ್ತೀಯ. ನಾಳೆ ಇನ್ನೊಂದು ಕಂಪನಿಯಲ್ಲಿ ಹೇಳೋಕೆ ಆಗದೇ ಇದ್ದರೆ, ಕೆಟ್ಟದ್ದೇ ಇದೆ ಅಂತ ಅವರು ತಿಳಿಯೋದಿಲ್ಲವೇ? ಒಂದು ಸಲ ಬಾಯಿ ಬಿಟ್ಟರೆ ಈ ರಾಜ್ಯದಲ್ಲಿ ಯಾರೂ ನಮಗೆ ನಿಜ ಹೇಳೋಲ್ಲ.’

‘ಅಲ್ಲಿ ಮನೆ ಒಡೆಯೋ ಹಾಗಿದೆ ಸಾರ್.’

‘ಒಡೆಯೋದಿದ್ದರೆ ಕಾರಣ ಮೊದಲಿಂದಲೂ ಇರತ್ತೆ. ಹುಡುಕು, ಅದೇ ನಮ್ಮ ಕೆಲಸ’ ಅಂದರು.

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ, ಈಗಲೂ ಪೂರ್ತಿ ಆಗುವುದಿಲ್ಲ. ಅದೇ ನನಗೆ ಸಿಟ್ಟು ಬರಿಸುವುದು. ಕೊಟ್ಟ ಭಾಷೆ ಕೊಟ್ಟದ್ದೇ. ನನ್ನನ್ನು ಮೈಸೂರಿನ ಕಡೆಯ ಕೆಲಸಕ್ಕೆ ಹಾಕಿದರು. ನಾನು ಮತ್ತೆ ಅರಸೀಕೆರೆಗೆ ಬರುವ ಹೊತ್ತಿಗೆ ದೀಪಾವಳಿ ಕಳೆದಿತ್ತು.

ಮಂಡಿಗೆ ಹೋದರೆ ಗುರುಬಸಪ್ಪನವರು ಒಬ್ಬರೇ ಕೂತಿದ್ದರು, ತಲೆ ಎತ್ತಲಿಲ್ಲ. ಮನೆಯ ಕಡೆ ಹೋದೆ. ಅವರ ಹೆಂಡತಿ ಗಿರಿಜಮ್ಮ ಬಾಗಿಲಿಗೆ ಬಂದರು. ಹಿಂದಿನ ಸಲ ಬೇಡವೆಂದರೂ ಕಾಫಿ ಕುಡಿಸಿ ಕಳಿಸಿದ್ದ ತಾಯಿ, ಈ ಸಲ ಒಳಗೆ ಬನ್ನಿ ಅನ್ನಲಿಲ್ಲ.

‘ಪಾಲಾಯ್ತು’ ಅಂದರು. ‘ಅರೇಹಳ್ಳಿಗೆ ಬಸ್ ಬಿಡಾಣ ಅಂದ ಪಂಚಾಕ್ಷರಿ. ಇನ್ನೊಂದಷ್ಟು ದಿನ ಹೋಗ್ಲಿ ಅಂದ್ರು ಇವರು. ಯಾವಾಗ್ಲೂ ಅನ್ನೋ ಮಾತೇ. ಆವತ್ತು ಅವನು ಎಲೆ ಮುಂದೆ ಎದ್ದು ನಿಂತ್ಕಂಡ. ‘ನಾನು ಲಾಯಕ್ಕಿಲ್ಲ ಅಂತ ಆ ಕ್ವಾಣೇಲೇ ಹೇಳಿದೀಯ ಬಿಡಣ್ಣ, ಗೊತ್ತೈತೆ’ ಅಂದ. ಇವರು, ‘ಅಯ್ಯೋ, ನಿನ್ನ ಹೆಸರೇ ಹೇಳ್ದೆ ಕಣೋ’ ಅಂದ್ರು. ಅವನು ನಕ್ಕುಬಿಟ್ಟ ಕಣ್ರೀ. ‘ಈಗ ಹೇಳ್ತೀಯ’ ಅಂದ. ಹಂಗೆ ನಕ್ಕಿದ್ದನ್ನ ಇವರು ತಡ್ಕಳ್ಳಲಿಲ್ಲ.’

ಮಹದೇವಪ್ಪನವರು ನಡುವೆ ಬಿದ್ದು ಸಮಾಧಾನ ಮಾಡಹೋದರಂತೆ. ‘ನೀನು ಅಳ್ತಾ ಬಂದೋನು, ನೀನೇನ್ ಹೇಳಿದ್ಯೋ ಮೊದಲು ಅದನ್ನ ಹೇಳು’ ಎಂದು ಇಬ್ಬರು ಅಣ್ಣಂದಿರೂ ಅವರ ಮೇಲೆಯೇ ತಿರುಗಿಬಿದ್ದರಂತೆ. ಅವರು ಹೇಳಿದ್ದನ್ನೂ ಯಾರೂ ನಂಬಲಿಲ್ಲ.

‘ನೀವು ಬರಾಕ್ ಮುಂಚೆ ನಮ್ಮಲ್ಲಿ ಬಾಗ್ಲು ಹಾಕ್ಕಂಡು ಮಾತಾಡಿದ್ದೇ ಇಲ್ಲ’ ಅಂದರು ಗಿರಿಜಮ್ಮ. ಬೈದಿದ್ದರೆ ಪರವಾಗಿರಲಿಲ್ಲ. ಅವರು ಬೈಯಲಿಲ್ಲ.

‘ನಾನು ಈಗಲೇ ಬೇಲೂರಿಗೆ ಹೋಗಿ ಹೇಳ್ತೀನಮ್ಮ’ ಅಂದೆ. ಕೆಲಸ ಹೋದರೆ ಹೋಗಲಿ ಅನ್ನಿಸಿಬಿಟ್ಟಿತ್ತು.

‘ಬ್ಯಾಡ. ಇವರೇ ದುಡ್ಡು ಕೊಟ್ಟು ಹೇಳಿಸವ್ರೆ ಅಂತಾನೆ. ಆಗೋಯ್ತು, ಬಿಡಿ.’

ಬಸ್ಸುಗಳು ಪಂಚಾಕ್ಷರಪ್ಪನವರಿಗೆ, ಮಿಲ್ಲು ಮಹದೇವಪ್ಪನವರಿಗೆ, ಮಂಡಿ ಅಣ್ಣನಿಗೆ. ಮಂಡಿಯ ಕೊಬ್ಬರಿ ಮಿಲ್ಲಿಗೆ ಹೋಗುವುದು ನಿಂತಿತು. ಮಿಲ್ಲಿಗೆ ಬೇರೆಯವರ ಸರಕು ಗಿಟ್ಟಲಿಲ್ಲ, ಎರಡು ವರ್ಷಕ್ಕೆ ಬಾಗಿಲು ಮುಚ್ಚಿತು. ಮಹದೇವಪ್ಪನವರು ತಿಪಟೂರಿನಲ್ಲಿ ಯಾರದೋ ಮಿಲ್ಲಿಗೆ ಸಂಬಳಕ್ಕೆ ಸೇರಿದರು. ಪಂಚಾಕ್ಷರಪ್ಪನವರು ಬಸ್ಸಿನ ಹಣೆಯ ಮೇಲಿದ್ದ ‘ಬ್ರದರ್ಸ್’ ಅನ್ನುವ ಅಕ್ಷರಗಳ ಮೇಲೆ ನೀಲಿ ಬಣ್ಣ ಬಳಿದು ಯಾವುದೋ ದೇವರ ಹೆಸರು ಬರೆಸಿದರು. ಹಳೇಬೀಡಿನ ಜನ ಮಾತ್ರ ‘ಬ್ರದರ್ಸ್ ಬಂತಾ?’ ಎಂದೇ ಕೇಳುತ್ತಿದ್ದರು. ಆ ಬಸ್ಸಿನಲ್ಲಿ ಕೂತಾಗಲೆಲ್ಲ ಅದನ್ನು ಕೇಳಿಸಿಕೊಳ್ಳುವುದು ನನ್ನ ಪಾಲಿಗೆ ಬಂತು.

ಇನ್ನೊಂದು ಕೇಳಿ. ನಮ್ಮ ಪ್ರೊಫೆಸರು ಈ ಕಂಪನಿಯ ಮೇಲೆ ಬರೆದ ಪಾಠ ಬಹಳ ಹೆಸರಾಯಿತು. ‘ಯಜಮಾನರ ನಂತರ ಯಾರು ಎಂಬುದನ್ನು ತೀರ್ಮಾನಿಸದೆ ಬೆಳೆದ ಕುಟುಂಬದ ಕಂಪನಿ ಹೇಗೆ ಒಡೆಯುತ್ತದೆ’ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ಬಾಗಿಲು ಹಾಕಿದ್ದು ಅದರಲ್ಲಿ ಬರುತ್ತಿರಲಿಲ್ಲ. ‘ಸಾರ್, ನಾವು ಕೇಳದೆ ಹೋಗಿದ್ದರೆ?’ ಎಂದು ಒಂದು ಸಲ ಅವರ ಕೋಣೆಯಲ್ಲಿ ಕೇಳಿದೆ. ಅವರು, ‘ಅದನ್ನು ತಿಳಿಯೋ ಪದ್ಧತಿ ಇಲ್ಲವಲ್ಲ ಮಾರಾಯ’ ಅಂದರು. ಆ ಮೇಲೆ ಆ ಪಾಠವನ್ನು ಅವರು ಮಾಡಲಿಲ್ಲ, ಬೇರೆಯವರು ಮಾಡಿದರು.

ಆ ದಶಕ ಮುಗಿಯುತ್ತಾ ಬಂದಿದ್ದಾಗ ಗುರುಬಸಪ್ಪನವರು ತೀರಿಕೊಂಡ ಸುದ್ದಿ ಬಂತು. ಕೆಲವು ತಿಂಗಳ ಮೇಲೆ ಬೇಲೂರಿಗೆ ಹೋಗಬೇಕಾಯಿತು. ಬಸ್ ಸ್ಟ್ಯಾಂಡಿನಲ್ಲಿ ಪಂಚಾಕ್ಷರಪ್ಪನವರು ಒಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ತಲೆ ಪೂರ್ತಿ ನರೆತಿತ್ತು. ನನ್ನನ್ನು ಗುರುತು ಹಿಡಿದು ಪಕ್ಕದ ಹೋಟೆಲಿನಿಂದ ಕಾಫಿ ತರಿಸಿದರು. ಅರೇಹಳ್ಳಿಯ ಬಸ್ಸು ಆಗಲಿಲ್ಲ, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಎಂದರು. ಅಣ್ಣ ಮಲಗಿದ್ದಾಗ ನೋಡಲು ಹೋಗಲಿಲ್ಲವಂತೆ. ಹೆಣ ಎತ್ತುವಾಗ ಹೋಗಿ ಬೀದಿಯಲ್ಲಿ ನಿಂತು ಬಂದರಂತೆ.

ಕಾಫಿ ಮುಗಿದ ಮೇಲೆ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೇಳಿದರು: ‘ರಾಯರೇ, ಈಗ ಅಣ್ಣನೇ ಇಲ್ಲ. ಈಗಲಾದ್ರೂ ಹೇಳಿ. ಆವತ್ತು ಅಣ್ಣ ಯಾರ ಹೆಸರು ಹೇಳ್ದ?’

ಯಾರಿಗೆ ಭಾಷೆ ಕೊಟ್ಟಿದ್ದೆನೋ ಅವರೇ ಹೋಗಿಬಿಟ್ಟ ಮೇಲೆ ಯಾರಿಗಾಗಿ ಉಳಿಸಿಕೊಳ್ಳಲಿ ಅನ್ನಿಸಿತು.

‘ನಿಮ್ಮದೇ’ ಅಂದೆ. ಸಿಟ್ಟಿನ ಮಾತು, ಗದ್ದೆಗೆ ಇಳಿದ ಬಸ್ಸಿನ ಮಾತು, ಕಿವಿಗೆ ಹಾಕಬೇಡಿ ಎಂದು ನಕ್ಕದ್ದು, ಎಲ್ಲವನ್ನೂ ಹೇಳಿದೆ. ಹೇಳಿದರೆ ಅವರ ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ.

ಅವರು ಲೋಟ ಕೆಳಗಿಟ್ಟರು. ಬಸ್ಸೊಂದು ಬಂದು ನಿಂತಿತು, ಜನ ಇಳಿದರು, ಜನ ಹತ್ತಿದರು. ಕಂಡಕ್ಟರು ಬಂದು ಏನೋ ಕೇಳಿದ, ಅವರಿಗೆ ಕೇಳಿಸಲಿಲ್ಲ.

‘ಹಂಗಾದ್ರೆ ಅಣ್ಣ ನಿಜಾನೇ ಹೇಳಿದ್ದ’ ಅಂದರು.

ನಾನು ಹೌದೆಂದು ತಲೆಯಾಡಿಸಿದೆ.

‘ನೀವು ಹೇಳ್ಬಾರ್ದಾಗಿತ್ತು ಕಣ್ರೀ. ಅವನ ಮ್ಯಾಲೆ ಸಿಟ್ ಮಾಡ್ಕಂಡು ಹೆಂಗೋ ದಿನ ತಳ್ತಾ ಇದ್ದೆ.’ ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡರು. ‘ಮಹದೇವನ್ನ ಕಂಡಿದ್ರಾ? ತಿಪಟೂರಾಗವ್ನೆ.’

‘ಇಲ್ಲ. ನಾಳೆ ಹೋಗೋಣ ಅಂತಿದ್ದೆ. ಅವರಿಗೂ ಹೇಳಿಬಿಡೋಣ ಅಂತ.’

‘ಬ್ಯಾಡಿ’ ಎಂದು ನನ್ನ ಕೈ ಹಿಡಿದುಕೊಂಡರು. ‘ನಾವು ಅವನನ್ನ ಬೈದು ಓಡಿಸಿದ್ವಿ ಅಂತ ಅವನಿಗೆ ನಮ್ಮ ಮ್ಯಾಲೆ ಸಿಟ್ಟೈತೆ. ಅವನಿಗಾದ್ರೂ ಅದು ಇರ್ಲಿ.’

ತಿಪಟೂರಿಗೆ ನಾನು ಹೋಗಲಿಲ್ಲ.